ಚಿಕೊಂತೆಪೆಕ್ ಟೀಚರ ಹತ್ರ ನಾವಟ್ಲ್ ಕಲಿಯೋ ಆನ್‌ಲೈನ್ ಕ್ಲಾಸ್ – ಕಾರವಾರದಿಂದ ಒಂದು ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಭಾಷೆ ಅಂದ್ರೆ ಆಸೆ ಇರೋರು, ಅದ್ರಲ್ಲೂ ಶಾಲೇಲಿ ಪಾಠ ಮಾಡೋರು ಈ ಕ್ಲಾಸಿಗೆ ಸೇರ್ಕೊಳ್ಳಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ನಾವಟ್ಲ್ ಅಂದ್ರೆ ಮೆಕ್ಸಿಕೋದ ಭಾಷೆ, ಆಜ್ಟೆಕ್ ರಾಜರ ಕಾಲದ್ದು ಅಂತ ಎಲ್ಲೋ ಓದಿರ್ತೀವಿ, ಅದು ಯಾವಾಗ್ಲೋ ಸತ್ತೋಯ್ತು ಅಂತ್ಲೇ ತಿಳ್ಕೊಂಡಿರ್ತೀವಿ. 2020ರ ಅಲ್ಲಿನ ಜನಗಣತಿ ಪ್ರಕಾರ ಸುಮಾರು 16.5 ಲಕ್ಷ ಜನ ಇವತ್ತಿಗೂ ಅದನ್ನ ಆಡ್ತಾರೆ, ಮೆಕ್ಸಿಕೋದ ಮೂಲನಿವಾಸಿ ಭಾಷೆಗಳಲ್ಲಿ ಅದೇ ದೊಡ್ಡದು. ಅದೂ ಒಂದೇ ಥರ ಇಲ್ಲ, ಅಲ್ಲಿನ ಸರ್ಕಾರದ ಭಾಷಾ ಸಂಸ್ಥೆ 2008ರಲ್ಲಿ ಮಾಡಿದ ಪಟ್ಟಿಲಿ ನಾವಟ್ಲಿಗೇ 30 ಬಗೆ ಲೆಕ್ಕ ಹಾಕಿದ್ದಾರೆ. ನಾನು ಕಲೀತಿರೋದು ಅದ್ರಲ್ಲೊಂದು, ಪೂರ್ವ ವಾಸ್ತೆಕಾ ಕಡೆ ನಾವಟ್ಲ್.

ವಾಸ್ತೆಕಾ ಎಲ್ಲಿ ಅಂದ್ರೆ ಮೆಕ್ಸಿಕೋದ ಪೂರ್ವ ಕರಾವಳಿ ಬಿಟ್ಟು ಸ್ವಲ್ಪ ಒಳಗೆ, ವೆರಾಕ್ರೂಜ್ ರಾಜ್ಯದ ಉತ್ತರ ತುದಿ, ಹಿಡಾಲ್ಗೊ, ಸಾನ್ ಲೂಯಿಸ್ ಪೊತೊಸಿ ಈ ಮೂರೂ ರಾಜ್ಯ ಕೂಡೋ ಗುಡ್ಡದ ಸೀಮೆ. ಒಳ್ಳೆ ಮಳೆ, ಕಬ್ಬು, ಕಿತ್ತಳೆ ತೋಟ, ಎಲ್ಲಕ್ಕಿಂತ ಮೊದ್ಲು ಮೆಕ್ಕೆಜೋಳ. ಟೀಚರ ಊರು ವೆರಾಕ್ರೂಜಿನ ಚಿಕೊಂತೆಪೆಕ್ ಅನ್ನೋ ಪಟ್ಟಣದ ಹತ್ರದ ಒಂದು ಹಳ್ಳಿ. ಅವರು ಮತ್ತೆ ಅವರ ತಂಗಿ ಇಬ್ರೇ ಸೇರಿ ಈ ಕ್ಲಾಸ್ ನಡ್ಸೋದು, ಕಂಪನಿ ಗಿಂಪನಿ ಏನಿಲ್ಲ, ಅದಕ್ಕೇ ಹೆಸ್ರು ನಂಬರು ಇಲ್ಲಿ ಹಾಕ್ತಾ ಇಲ್ಲ.

ಟೈಮಿಂಗ್ ಬಗ್ಗೆ ಎಲ್ರೂ ಕೇಳ್ತಾರೆ. ಅವ್ರ ಸಂಜೆ 7 ಗಂಟೆ ನಮಗೆ ಮಾರನೇ ದಿನ ಬೆಳಿಗ್ಗೆ 6:30. ಮೆಕ್ಸಿಕೋದಲ್ಲಿ 2022ರಲ್ಲಿ ಗಡಿಯಾರ ಹಿಂದೆ ಮುಂದೆ ಮಾಡೋ ಪದ್ಧತಿ ತೆಗೆದಿದ್ದಾರೆ, ಹಾಗಾಗಿ ವರ್ಷಪೂರ್ತಿ ಇದೇ ಟೈಮು. ಕಾರವಾರದ ನಮ್ಮ ಕೋಡಿಬಾಗದಲ್ಲಿ ಆ ಹೊತ್ತಿಗೆ ಮೀನಿನವ್ರು ಬಂದಿರಲ್ಲ, ಮನೆ ಮಕ್ಕಳು ಎದ್ದಿರಲ್ಲ, ಕೂತು ಕಲಿಯೋಕೆ ಇದಕ್ಕಿಂತ ಒಳ್ಳೆ ಹೊತ್ತಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಮೊಬೈಲ್ ಡೇಟಾದಲ್ಲೇ ನಡ್ಸಬೇಕು, ಅದಕ್ಕೆ ಟೀಚರು ವಿಡಿಯೋ ಆಫ್ ಮಾಡಿ ಬರೀ ಧ್ವನಿಲೇ ಪಾಠ ಮುಂದುವರಿಸ್ತಾರೆ, ಬೇಜಾರು ಮಾಡ್ಕೊಳ್ಳಲ್ಲ, ಅವ್ರ ಕಡೆ ಗುಡ್ಡದ ಹಳ್ಳಿಲೂ ನೆಟ್‌ವರ್ಕ್ ಅಷ್ಟಕ್ಕಷ್ಟೇ ಅಂತೆ, ಕ್ಲಾಸ್ ಇದ್ದ ದಿನ ಪೇಟೆಲಿರೋ ತಂಗಿ ಮನೆಗೆ ಬಂದು ಕೂತ್ಕೋತಾರೆ.

ಈಗ ಮುಖ್ಯ ವಿಷಯ, ಕಲಿಸೋ ರೀತಿ. ನಾನು ಅಂಕೋಲಾ ಕಡೆ ಕನ್ನಡ ಶಾಲೆಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡೋಳು, ಹಾಗಾಗಿ ಬೇರೆಯವ್ರು ಹೇಗೆ ಕಲಿಸ್ತಾರೆ ಅನ್ನೋದ್ರ ಮೇಲೇ ನನ್ನ ಕಣ್ಣು. ಮೊದಲ ದಿನದಿಂದ್ಲೇ ಟೀಚರು ನಾವಟ್ಲಲ್ಲೇ ಮಾತಾಡ್ತಾರೆ. ಗ್ರಾಮರ್ ಹೇಳಲ್ಲ, ಲಿಸ್ಟ್ ಕೊಡಲ್ಲ, ಕೈ ಮಾಡಿ ಬಾ ಅಂತಾರೆ, ಕುರ್ಚಿ ತೋರ್ಸಿ ಕೂತ್ಕೋ ಅಂತಾರೆ, ಕಿವಿ ಮುಟ್ಕೊಂಡು ಕೇಳು ಅಂತಾರೆ, ಹಾಗೇ ಮಾಡ್ತಾ ಮಾಡ್ತಾ ಅಪ್ಪಣೆ ಕೊಡೋ ಮಾತೆಲ್ಲ 'ಶಿ' ಅಂತ ಶುರುವಾಗುತ್ತೆ ಅನ್ನೋದು ನಮಗೇ ಹೊಳಿಯುತ್ತೆ, ಶಿವಾಲಾ ಅಂದ್ರೆ ಬಾ, ಶಿಮೊಸೆವಿ ಅಂದ್ರೆ ಕೂತ್ಕೋ. ನಾವಾಗೇ ಕಂಡುಕೊಂಡಿದ್ದು ಮರಿಯಲ್ಲ ನೋಡಿ, ನಲಿಕಲಿಲಿ ನಾವು ಮಾಡ್ಬೇಕು ಅಂತ ಟ್ರೈನಿಂಗಲ್ಲಿ ಹೇಳ್ತಾರಲ್ಲ, ಅದನ್ನ ಇಲ್ಲಿ ಒಬ್ರು ನಿಜವಾಗ್ಲೂ ಮಾಡ್ತಿದ್ದಾರೆ.

ಈ ಭಾಷೆಯ ಕ್ರಿಯಾಪದ ಒಂದು ದೊಡ್ಡ ಸಂಸಾರ. ಕನ್ನಡದಲ್ಲಿ ನೋಡ್ತೀನಿ, ನೋಡ್ತೀಯ ಅಂತ ಬಾಲ ಬದಲಾದ್ರೆ ಯಾರು ಅಂತ ಗೊತ್ತಾಗುತ್ತೆ, ಇವ್ರಲ್ಲಿ ಯಾರು ಅನ್ನೋದೂ, ಯಾರನ್ನ ಅನ್ನೋದೂ ಎರಡೂ ಪದದ ಮುಂದೆ ಬಂದು ಕೂರುತ್ತೆ. 'ನಿಮಿತ್ಸಿತಾ' ಅಂದ್ರೆ ನಾನು ನಿನ್ನ ನೋಡ್ತೀನಿ, ಪೂರ್ತಿ ವಾಕ್ಯ ಒಂದೇ ಪದದಲ್ಲಿ, 'ನಿ' ನಾನು, 'ಮಿತ್ಸ್' ನಿನ್ನನ್ನ, ಆಮೇಲೆ ನೋಡೋದು. ಇನ್ನೊಂದು ಎಂತ ಅಂದ್ರೆ ಅಮ್ಮ, ಅಪ್ಪ, ಕೈ, ತಲೆ ಇಂಥ ಪದನ ಬರೀ ಹಾಗೇ ಹೇಳಲ್ಲ, ನನ್ನ ಅಮ್ಮ, ನಿನ್ನ ಕೈ ಅಂತ ಯಾರದ್ದು ಅನ್ನೋದು ಅಂಟ್ಕೊಂಡೇ ಬರಬೇಕು. ಟೀಚರು ಇದನ್ನ ರೂಲ್ ಅಂತ ಹೇಳ್ಕೊಡಲಿಲ್ಲ, ಅವ್ರ ಮನೆಯವ್ರ ಫೋಟೋ ಒಂದೊಂದೇ ತೋರ್ಸಿ, ಆಮೇಲೆ ನಮ್ಮ ಮನೆ ಫೋಟೋ ತೋರ್ಸೋಕೆ ಹೇಳಿ, ಹಾಗೇ ಕಲಿಸ್ಬಿಟ್ರು. ಪದದ ಕೊನೆಲಿ ಬರೋ 'ಟ್ಲ್' ಸದ್ದು ಮಾತ್ರ ನಮ್ಮ ನಾಲಿಗೆಗೆ ಹೊಸದು, ಧ್ವನಿ ಎತ್ತದೆ ನಾಲಿಗೆ ಪಕ್ಕದಿಂದ ಗಾಳಿ ಬಿಡಬೇಕು, ಅದಕ್ಕೆ ಅವ್ರು ಒಬ್ಬೊಬ್ರಿಗೇ ವಾಟ್ಸಾಪಲ್ಲಿ ವಾಯ್ಸ್ ಕಳ್ಸಿ ತಿದ್ದುತಾರೆ. ಎಲ್ಲಾ ಕಡೆ ನಾವಟ್ಲಲ್ಲಿ ಈ ಸದ್ದು ಇಲ್ವಂತೆ, ಪುಯೆಬ್ಲಾ ರಾಜ್ಯದ ಉತ್ತರದ ಬೆಟ್ಟದ ಕಡೆ ಬರೀ 'ತ್' ಅಂತಾರೆ, ಎಲ್ ಸಾಲ್ವಡೋರಿನಲ್ಲಿ ಆಡೋ ಹತ್ತಿರದ ಭಾಷೇಲೂ ಹಾಗೇ, ಕೆಲವು ಕಡೆ 'ಲ್' ಅಷ್ಟೇ ಉಳಿದಿದೆ.

ನನಗೆ ಈ ಕ್ಲಾಸು ಯಾಕಿಷ್ಟು ಹಿಡಿಸ್ತು ಅಂದ್ರೆ ಅವ್ರು ಮನೇಲಿ, ಗದ್ದೇಲಿ, ಸಂತೇಲಿ ಆಡೋದನ್ನೇ ಕಲಿಸ್ತಾರೆ. ನಾವಟ್ಲ್ ಕೋರ್ಸ್ ಅಂತ ಹುಡುಕಿದ್ರೆ ಸಿಗೋದು ಬಹಳ ಮಟ್ಟಿಗೆ ಹಳೇದು, 1500ರ ನಂತರ ಸ್ಪೇನಿನಿಂದ ಬಂದ ಪಾದ್ರಿಗಳು ಬರ್ಕೊಂಡ ಭಾಷೆ. ಅವ್ರ ಕೆಲಸ ಸಣ್ಣದಲ್ಲ ಬಿಡಿ, ಅಲೊನ್ಸೊ ದೆ ಮೊಲಿನಾ 1571ರಲ್ಲಿ ಪ್ರಿಂಟ್ ಮಾಡ್ಸಿದ ನಿಘಂಟನ್ನ ಇವತ್ತಿಗೂ ತೆಗೆದು ನೋಡ್ತಾರೆ, ನಮ್ಮ ಕಿಟ್ಟೆಲ್ ನಿಘಂಟು ಬಂದಿದ್ದು 1894ರಲ್ಲಿ, ಅಂದ್ರೆ ಮೊಲಿನಾದು ಅದಕ್ಕಿಂತ ಮುನ್ನೂರು ವರ್ಷಕ್ಕೂ ಮೊದ್ಲಿಂದು. ಆದ್ರೆ ಅದನ್ನ ಮಾತ್ರ ಕಲಿತು ಚಿಕೊಂತೆಪೆಕ್ ಸಂತೆಗೆ ಹೋದ್ರೆ ಪಂಪಭಾರತದ ಕನ್ನಡ ಹಿಡ್ಕೊಂಡು ಶಿರಸಿ ಸಂತೆಲಿ ಅಡಿಕೆ ವ್ಯಾಪಾರಕ್ಕೆ ನಿಂತಂಗೆ. ಒಂದು ಆಪ್ ಕೂಡ ನೋಡಿದ್ದೆ, ಹೆಸರು ಬೇಡ, ಗರಿ ಕಿರೀಟ ಹಾಕಿದ ರಾಜನ ಬೊಂಬೆ ಬಂದು ಪದ ಹೇಳ್ಕೊಡೋದು, ಹಳೇ ಪದ ಹೊಸ ಪದ ಎಲ್ಲಾ ಕಲಸಿಟ್ಟಿದ್ರು, ಯಾವ ಊರಿನ ಮಾತು ಅಂತ ಒಂದು ಕಡೆನೂ ಬರ್ದಿಲ್ಲ, ಮಾತಾಡಿರೋರು ಯಾರು ಅಂತ್ಲೂ ಇಲ್ಲ. ಭಾಷೆ ಇದೆ, ಜನ ಇಲ್ಲ. ನನಗೆ ಸಿಟ್ಟೇ ಬಂತು.

ಟೀಚರ ಮಾತಲ್ಲಿ ಸ್ಪ್ಯಾನಿಷ್ ಬೇಕಾದಷ್ಟು ಬರುತ್ತೆ. ವಾರದ ಹೆಸ್ರು ಸ್ಪ್ಯಾನಿಷ್, 'ಆದ್ರೆ', 'ತನಕ' ಅನ್ನೋಕೂ ಎಷ್ಟೋ ಸಲ ಸ್ಪ್ಯಾನಿಷ್, ದುಡ್ಡಿನ ಲೆಕ್ಕನೂ ಅದ್ರಲ್ಲೇ. ಇಪ್ಪತ್ತರ ಗುಂಪಲ್ಲಿ ಎಣಿಸೋ ಹಳೇ ಲೆಕ್ಕನೂ ಕಲಿಸಿದ್ರು, ಇಪ್ಪತ್ತು, ಎರಡಿಪ್ಪತ್ತು, ಮೂರಿಪ್ಪತ್ತು ಹೀಗೆ ಹೋಗಿ ನಾನೂರಕ್ಕೆ ಒಂದು ಹೊಸ ಹೆಸ್ರು, ಬಹಳ ಚೆಂದ, ಆದ್ರೆ ಅಂಗಡೀಲಿ ಸ್ಪ್ಯಾನಿಷ್ ಅಂಕೆಲೇ ಮಾತಾಡ್ತೀವಿ ಅಂತ ಅದನ್ನೂ ಹೇಳಿದ್ರು. ನಮ್ಮ ಬ್ಯಾಚಲ್ಲಿದ್ದ ಒಬ್ರು ಶುದ್ಧ ನಾವಟ್ಲ್ ಕಲಿಸಿ ಅಂತ ಕೇಳಿದ್ರು. ಟೀಚರು ಸ್ವಲ್ಪನೂ ಜೋರು ಮಾಡದೆ, ನಮ್ಮಮ್ಮ ಹೀಗೇ ಮಾತಾಡೋದು, ನಾನು ನಮ್ಮಮ್ಮನ ಭಾಷೆ ಕಲಿಸ್ತೀನಿ ಅಂದ್ರು.

ಅಮ್ಮನ ಭಾಷೆ ಅಂದಾಗ ನನಗೆ ನೆನಪಾಗಿದ್ದು ನಾನು ಪಾಠ ಮಾಡೋ ಶಾಲೇಲಿರೋ ಹಾಲಕ್ಕಿ ಸಮುದಾಯದ ಮಕ್ಕಳು. ಮನೇಲಿ ಹಾಲಕ್ಕಿ ಕನ್ನಡ, ಶಾಲೇಲಿ ಪುಸ್ತಕದ ಕನ್ನಡ, ಬಾಯಿ ಬಿಟ್ರೆ ಬೇರೆ ಮಕ್ಕಳು ನಗ್ತಾರೆ ಅಂತ ಎಷ್ಟೋ ಮಕ್ಕಳು ಮೊದಲ ವರ್ಷ ಸುಮ್ನೇ ಕೂತಿರ್ತಾರೆ. ಹಾಲಕ್ಕಿ ಹಾಡು ಹೇಳ್ತಿದ್ದ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂತು, ಜಿಲ್ಲೆಗೇ ಹೆಮ್ಮೆ ಆಯ್ತು, 2025ರ ಫೆಬ್ರವರಿಲಿ ಅವ್ರು ತೀರ್ಕೊಂಡಾಗ ಎಲ್ಲಾ ಪೇಪರಲ್ಲೂ ಬಂತು. ಅಜ್ಜಿ ಹಾಡಿಗೆ ಅಷ್ಟು ಮರ್ಯಾದೆ ಕೊಟ್ಟ ನಾವೇ ಅದೇ ಮಾತು ಮಗು ಬಾಯಲ್ಲಿ ಬಂದಾಗ ತಿದ್ದೋಕೆ ಹೋಗ್ತೀವಿ. ವಾಸ್ತೆಕಾದಲ್ಲೂ ಇದೇ ಕತೆ, ಇನ್ನೂ ಕಠೋರವಾಗಿ. ಶಾಲೇಲಿ ನಾವಟ್ಲ್ ಆಡಿದ್ರೆ ಮಕ್ಕಳಿಗೆ ಹೊಡೆತ ಬೀಳ್ತಿತ್ತು, ಸ್ಪ್ಯಾನಿಷ್ ಕಲಿಸೋದೇ ದೇಶ ಕಟ್ಟೋ ಕೆಲಸ ಅಂತ 1900ರ ನಂತರದ ಎಷ್ಟೋ ದಶಕ ಅಲ್ಲಿ ಶಾಲೆ ನಡ್ಸಿದ್ರು, ಹೊಡೆತ ತಿಂದ ತಲೆಮಾರು ತಮ್ಮ ಮಕ್ಕಳ ಜೊತೆ ಸ್ಪ್ಯಾನಿಷಲ್ಲೇ ಮಾತಾಡ್ತು, ನನ್ನ ಮಗುಗೆ ಆ ಕಷ್ಟ ಬೇಡ ಅಂತ. 2003ರಲ್ಲಿ ಮೂಲನಿವಾಸಿ ಭಾಷೆಗಳ ಹಕ್ಕಿನ ಕಾನೂನು ಬಂತು, ಸ್ಪ್ಯಾನಿಷ್ ಜೊತೆ ಇವೂ ರಾಷ್ಟ್ರೀಯ ಭಾಷೆಗಳೇ ಅಂತ ಬರ್ದಿದ್ದಾರೆ. ಕಾನೂನು ಬಂದ್ರೂ ಕೆಲಸ ಹುಡ್ಕೊಂಡು ಊರು ಬಿಡೋದು ನಿಲ್ಲಲಿಲ್ಲ. ವಾಸ್ತೆಕಾದ ಹುಡುಗೀರು ಮೊಂತೆರೆಯ್ ಅನ್ನೋ ದೊಡ್ಡ ಶಹರಕ್ಕೆ ಮನೆಕೆಲಸಕ್ಕೆ ಹೋಗ್ತಾರೆ, ವಾರಕ್ಕೊಂದು ರಜೆ, ಆ ಭಾನುವಾರ ಅಲ್ಲಿನ ಅಲಮೇದಾ ಪಾರ್ಕಲ್ಲಿ ಊರಿನವ್ರೆಲ್ಲ ಸೇರ್ತಾರೆ, ಅವತ್ತು ನಾವಟ್ಲ್ ಕೇಳುತ್ತೆ. ಟೀಚರ ಚಿಕ್ಕಮ್ಮನ ಮಗಳೂ ಅಲ್ಲಿದ್ದಾಳೆ, ಒಂದು ಕ್ಲಾಸಿಗೆ ಫೋನಲ್ಲಿ ಕರ್ಕೊಂಡು ಬಂದಿದ್ರು, ಅವಳು ಪಟಪಟ ಮಾತಾಡಿದ್ದು ಕೇಳಿ ನಮಗೆಲ್ಲ ಎಷ್ಟು ಖುಷಿ ಆಯ್ತು ಅಂದ್ರೆ ಕ್ಲಾಸ್ ಟೈಮ್ ಮುಗಿದ್ರೂ ಯಾರೂ ಎದ್ದಿಲ್ಲ.

ಟೀಚರು ಓದಿದ್ದು ಸಾಕಾತೆಕಾಸ್ ಅನ್ನೋ ಊರಲ್ಲಿ. ಅಲ್ಲಿ ಐಡಿಯೆಜ್ ಅಂತ ಒಂದು ಸಂಸ್ಥೆ ಇದೆ, ಜಾನ್ ಸಲಿವನ್ ಅನ್ನೋ ವಿದ್ವಾಂಸರು ಕಟ್ಟಿದ್ದು, ವಾಸ್ತೆಕಾದ ಕಾಲೇಜು ಹುಡುಗ ಹುಡುಗೀರನ್ನೇ ಸೇರ್ಸ್ಕೊಂಡು ಅವ್ರ ಭಾಷೆ ಬಗ್ಗೆ ಅವ್ರ ಭಾಷೇಲೇ ಕೆಲಸ ಮಾಡ್ಸಿದ್ದಾರೆ. ಅದ್ರ ಫಲ 2016ರಲ್ಲಿ ವಾರ್ಸಾ ಯೂನಿವರ್ಸಿಟಿ ಜೊತೆ ಸೇರಿ ತಂದ ನಿಘಂಟು, ಪದನೂ ನಾವಟ್ಲ್, ಅರ್ಥ ಹೇಳೋದೂ ನಾವಟ್ಲಲ್ಲೇ. ನನಗೆ ಇದು ಬಹಳ ದೊಡ್ಡ ಮಾತು ಅನ್ಸುತ್ತೆ. ಮನೆ ಮಾತಲ್ಲಿ ಅಡುಗೆ ಬಗ್ಗೆ ಮಾತ್ರ ಮಾತಾಡ್ಬಹುದು, ವಿಚಾರದ ಮಾತಿಗೆ ಬೇರೆ ಭಾಷೆನೇ ಬೇಕು ಅಂತ ನಮ್ಮಲ್ಲೂ ಹೇಳೋರಿದ್ದಾರಲ್ಲ. ಹೋಂವರ್ಕಿಗೆ ಟೀಚರು ಆರೆಗಾನ್ ಯೂನಿವರ್ಸಿಟಿಯ ಆನ್‌ಲೈನ್ ನಾವಟ್ಲ್ ನಿಘಂಟು ನೋಡೋಕೆ ಹೇಳ್ತಾರೆ, ಸ್ಟೆಫನಿ ವುಡ್ ಅವ್ರ ಸಂಪಾದಕತ್ವ, ಪೂರ್ತಿ ಫ್ರೀ, ಅದ್ರಲ್ಲಿ ಮೊಲಿನಾ ಕಾಲದ ಅರ್ಥನೂ ಸಿಗುತ್ತೆ, ಈಗಿನ ವಾಸ್ತೆಕಾದ ಅರ್ಥನೂ ಸಿಗುತ್ತೆ, ನಾವಟ್ಲ್, ಸ್ಪ್ಯಾನಿಷ್, ಇಂಗ್ಲಿಷ್ ಮೂರರಲ್ಲೂ ವಿವರಣೆ. ಕ್ಲಾಸಿಗೆ ಸೇರದೇ ಇದ್ರೂ ಅದನ್ನೊಮ್ಮೆ ತೆಗೆದು ನೋಡಿ. 2024ರ ಜೂನಲ್ಲಿ ಗೂಗಲ್ ಟ್ರಾನ್ಸ್‌ಲೇಟಿಗೆ 110 ಹೊಸ ಭಾಷೆ ಸೇರಿದಾಗ ನಮ್ಮ ತುಳು ಜೊತೆಗೇ ಪೂರ್ವ ವಾಸ್ತೆಕಾ ನಾವಟ್ಲೂ ಬಂತು, ಟೀಚರಿಗೆ ಆ ತುಳು ವಿಷಯ ಹೇಳಿದೆ, ತುಳು ಯಾರು ಆಡ್ತಾರೆ, ಎಷ್ಟು ದೂರ, ನಿಮಗೆ ಬರುತ್ತಾ ಅಂತ ಬಿಡದೆ ಕೇಳಿದ್ರು.

ಕೊರತೆ ಏನಿಲ್ವಾ ಅಂದ್ರೆ ಇದೆ. ದೊಡ್ಡದು ಸ್ಪೆಲಿಂಗ್. ಪಿಡಿಎಫಲ್ಲಿ ಹಳೇ ಪದ್ಧತಿಯ ಸ್ಪೆಲಿಂಗ್ ಇದೆ, ಪಾದ್ರಿಗಳ ಕಾಲದಿಂದ ಸ್ಪ್ಯಾನಿಷ್ ರೀತಿಲಿ ಬರ್ಕೊಂಡು ಬಂದಿದ್ದು. ಅವರ ತಂಗಿ ಅಲ್ಲಿನ ದ್ವಿಭಾಷಾ ಶಾಲೇಲಿ ಪಾಠ ಮಾಡೋದು, ಅಲ್ಲಿ 'ಕ' ಸದ್ದಿಗೆ 'ಕೆ', 'ವ' ಸದ್ದಿಗೆ 'ಡಬ್ಲ್ಯೂ' ಅಂತ ಹೊಸ ಪದ್ಧತಿ, ವಾಟ್ಸಾಪಲ್ಲಿ ಅವ್ರು ಹಾಗೇ ಟೈಪ್ ಮಾಡ್ತಾರೆ. ಒಂದೇ ಪದ ಎರಡು ವೇಷದಲ್ಲಿ ಬಂದ್ರೆ ಶುರುವಿಗೆ ತಲೆ ತಿರುಗುತ್ತೆ, ಒಂದು ಪುಟದ ಹೋಲಿಕೆ ಪಟ್ಟಿ ಕೊಟ್ಟಿದ್ರೆ ಎಷ್ಟೋ ಹಗುರ ಆಗ್ತಿತ್ತು, ಫೀಡ್‌ಬ್ಯಾಕಲ್ಲೂ ಅದನ್ನೇ ಬರ್ದಿದ್ದೀನಿ. ಆದ್ರೆ ಯಾವ್ದೋ ಒಂದನ್ನೇ ಇಟ್ಕೊಳ್ಳಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ನಮ್ಮ ಮನೆ ಮಾತು ಕೊಂಕಣಿ, 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರ್ತು, ಬರಿಯೋದು ಮಾತ್ರ ದೇವನಾಗರಿ, ಕನ್ನಡ, ರೋಮನ್, ಮಲಯಾಳಂ, ಅರೇಬಿಕ್ ರೀತಿಯ ಲಿಪಿ ಹೀಗೆ ಐದು ಥರ. ಅಜ್ಜ ಮರಾಠಿ ಶಾಲೇಲಿ ಓದಿದವ್ರು, ಈ ಜಿಲ್ಲೆ 1956ರ ತನಕ ಮುಂಬೈ ಆಡಳಿತಕ್ಕೆ ಸೇರಿತ್ತಲ್ಲ, ಅವ್ರ ಕಾಗದ ಎಲ್ಲ ದೇವನಾಗರಿ, ನಾನು ಕನ್ನಡ ಲಿಪಿಲಿ ಟೈಪ್ ಮಾಡೋದು, ಮಡಗಾವಲ್ಲಿರೋ ಗೆಳತಿ ರೋಮನ್ನಲ್ಲೇ ಉತ್ರ ಕೊಡೋದು, ಮೂರೂ ನಮ್ಮ ಮಾತೇ. ಲಿಪಿ ಜಗಳ ಶುರುವಾದ್ರೆ ಭಾಷೆ ಆಡೋದೇ ಹಿಂದೆ ಬೀಳುತ್ತೆ, ಅದು ಕಾರವಾರದಲ್ಲಿ ಇರೋರಿಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ.

ರೆಕಾರ್ಡಿಂಗ್ ಕೊಡಲ್ಲ, ತಪ್ಪಿಸ್ಕೊಂಡ್ರೆ ಹೋಯ್ತು. ಸರ್ಟಿಫಿಕೇಟ್ ಇಲ್ಲ. ವ್ಯಾಕರಣದ ಡೌಟ್ ಕೇಳಿದ್ರೆ ಇಂಗ್ಲಿಷಲ್ಲಿ ಚಿಕ್ಕದಾಗಿ ಹೇಳ್ತಾರೆ, ಸ್ಪ್ಯಾನಿಷ್ ಬರೋರಿಗೆ ಉದ್ದ ಉತ್ರ ಸಿಗುತ್ತೆ, ನಮ್ಮಂಥವ್ರಿಗೆ ಅಷ್ಟು ನಷ್ಟ. ಪೇಮೆಂಟ್ ಇಂಟರ್‌ನ್ಯಾಷನಲ್ ಕಾರ್ಡಲ್ಲಿ ಮಾಡ್ಬೇಕು, ಬ್ಯಾಂಕಿನವ್ರು ಮೇಲಿಂದ ಚಾರ್ಜ್ ಹಾಕ್ತಾರೆ, ಅದಕ್ಕೇ ಇಡೀ ಬ್ಯಾಚಿಂದು ಒಟ್ಟಿಗೇ ಕಟ್ಟೋದು ಒಳ್ಳೇದು. ಗುಂಪಲ್ಲಿ ಸೇರಿದ್ರೆ ಫೀ ದುಬಾರಿ ಅಲ್ಲ, ಬೆಂಗಳೂರಲ್ಲಿ ಫ್ರೆಂಚ್ ಜರ್ಮನ್ ಕ್ಲಾಸಿಗೆ ಕಟ್ಟೋದಕ್ಕಿಂತ ಕಮ್ಮಿನೇ, ಮತ್ತೆ ಈ ದುಡ್ಡು ನೇರ ಆ ಭಾಷೆ ಆಡೋರ ಮನೆಗೇ ಹೋಗುತ್ತೆ, ನಡುವೆ ಯಾರೂ ಇಲ್ಲ. ನಾವಟ್ಲ್ ಹೆಸ್ರಲ್ಲಿ ಪುಸ್ತಕ ಬರ್ದು ಡಿಗ್ರಿ ತಗೊಂಡೋರು ಜಗತ್ತಲ್ಲಿ ಸುಮಾರು ಜನ ಇದ್ದಾರೆ, ಆಡೋರಿಗೆ ಅದ್ರಿಂದ ಸಂಬಳ ಸಿಕ್ಕಿದ್ದು ಬಹಳ ಕಮ್ಮಿ, ಇದನ್ನ ನಾನು ಒತ್ತಿ ಹೇಳ್ತೀನಿ.

ಇನ್ನೊಂದು, ಹಬ್ಬ ಬಂದ್ರೆ ಕ್ಲಾಸ್ ಇಲ್ಲ. ಕೆಲವ್ರಿಗೆ ಇದು ಕಂಪ್ಲೇಂಟ್, ನನಗಲ್ಲ. ಸೆಪ್ಟೆಂಬರ್ ಹೊತ್ತಿಗೆ ಎಳೇ ಮೆಕ್ಕೆಜೋಳ ಬಂದಾಗ ಹೊಸ ತೆನೆ ದೇವ್ರಿಗೆ ಒಪ್ಪಿಸೋ ಪೂಜೆ, ತೆನೆಗೆ ಬಟ್ಟೆ ಕಟ್ಟಿ, ಹೂ ಮುಡ್ಸಿ, ಸಂಗೀತ ಹಾಕಿ ರಾತ್ರಿ ಎಲ್ಲ ಎದ್ದಿರ್ತಾರೆ, ಏಳು ಹೂ ಅನ್ನೋ ಹೆಸ್ರಿನ ಜೋಳದ ದೇವ್ರು. ನಾನು ನಮ್ಮ ಕದಿರು ತರೋ ಹಬ್ಬದ ಫೋಟೋ ಕಳಿಸ್ದೆ, ಬಾಗಿಲಿಗೆ ಕಟ್ಟಿದ ಭತ್ತದ ತೆನೆ ನೋಡಿ ಟೀಚರು ಅಮ್ಮನಿಗೆ ತೋರ್ಸಿ ಬಂದ್ರು. ಅಕ್ಟೋಬರ್ ಕೊನೆಗೆ ಶಾಂತೋಲೊ, ತೀರ್ಕೊಂಡೋರು ಮನೆಗೆ ಬರೋ ಹಬ್ಬ, ನವೆಂಬರ್ 2ರ ತನಕ. ಚೆಂಡುಹೂವಿನ ಕಮಾನು ಕಟ್ಟಿ ಅದ್ರ ಕೆಳಗೆ ತಮಾಲೆ ಅನ್ನೋ ಮೆಕ್ಕೆಜೋಳದ ಕಡುಬು, ಚಾಕೊಲೇಟ್ ಪಾನೀಯ, ಹಣ್ಣು ಇಡ್ತಾರೆ, ಊರಿನವ್ರು ಮುದುಕರ ಮುಖವಾಡ ಹಾಕಿ ಮನೆ ಮನೆ ಮುಂದೆ ಕುಣೀತಾರೆ. ಚೆಂಡುಹೂ ಮೂಲತಃ ಮೆಕ್ಸಿಕೋದ ಗಿಡ, ಅಲ್ಲಿಂದ ಬಂದು ನಮ್ಮ ದಸರಾ ದೀಪಾವಳಿಗೆ ಸೇರ್ಕೊಂಡಿದೆ. ಮೆಣಸಿನಕಾಯಿನೂ ಆ ಸೀಮೆದೇ, ನಮ್ಮ ಮೀನುಸಾರಿಗೆ ಬೀಳೋದು. ಶಿರಸಿ ಕಡೆ ಅಡಿಕೆ ತೋಟದಲ್ಲಿ ಒಂದು ಕಾಲದಲ್ಲಿ ಎಲ್ರೂ ಹಬ್ಬಿಸಿದ ವೆನಿಲಾ ಬಳ್ಳಿನೂ ಮೆಕ್ಸಿಕೋದ್ದೇ, ವೆರಾಕ್ರೂಜ್ ರಾಜ್ಯ ಅದಕ್ಕೆ ಹೆಸರಾದ ಸೀಮೆ. ವಾಸ್ತೆಕಾದಲ್ಲಿ ಗಾಣಕ್ಕೆ ಕಬ್ಬು ಕೊಟ್ಟು ಬೆಲ್ಲ ಮಾಡ್ತಾರೆ, ಆಲೆಮನೆ ವಿಡಿಯೋ ತೋರ್ಸಿ ಅವತ್ತಿಡೀ ಕ್ಲಾಸು ಬೆಲ್ಲದ ಮಾತಲ್ಲೇ ಹೋಯ್ತು, ಕಬ್ಬಿನ ಹಾಲು ಕುದಿಯೋದು, ನೊರೆ ತೆಗಿಯೋದು, ಅಚ್ಚಿಗೆ ಹೊಯ್ಯೋದು ಎಲ್ಲಾ ನಾವಟ್ಲಲ್ಲಿ, ಪುಸ್ತಕ ಇಟ್ಕೊಂಡು ಕೂತಿದ್ರೆ ಇಷ್ಟು ಪದ ಕಲಿಯೋಕೆ ತಿಂಗಳು ಬೇಕಿತ್ತು.

ಯಾರಿಗೆ ಆಗಲ್ಲ ಅಂದ್ರೆ, ಹಳೇ ಶಾಸನ, ಕೈಬರಹ ಓದ್ಬೇಕು ಅನ್ನೋರಿಗೆ ಇದೊಂದೇ ಸಾಕಾಗಲ್ಲ, ಅವ್ರಿಗೆ ಯೂನಿವರ್ಸಿಟಿ ಕೋರ್ಸೇ ಬೇಕು, ಆದ್ರೂ ಮೊದ್ಲು ಇಲ್ಲಿ ಕಿವಿ ಪಳಗಿಸ್ಕೊಂಡು ಹೋಗಿ ಅಂತ ನನ್ನ ಸಲಹೆ. ಪರೀಕ್ಷೆ, ಅಂಕ ಬೇಕು ಅನ್ನೋರಿಗೂ ಅಲ್ಲ. ಶಾಲೆ ಟೀಚರಿಗೆ, ಹವ್ಯಕ ಕನ್ನಡ, ನವಾಯತಿ, ಕುಣಬಿ ಕೊಂಕಣಿ, ಹಾಲಕ್ಕಿ ಅಂತ ಮನೆ ಮಾತಿಗೆ ಏನಾದ್ರೂ ಮಾಡ್ಬೇಕು ಅಂತ ಓಡಾಡ್ತಿರೋರಿಗೆ ಖಂಡಿತ ಹೇಳ್ತೀನಿ ಸೇರಿ, ಒಂದು ಭಾಷೆನ ಅದೇ ಭಾಷೇಲಿ ಕಲಿಸೋದು ಹೇಗೆ ಅಂತ ಕಣ್ಣಾರೆ ನೋಡ್ಬಹುದು. ನಾನು ಈಗ್ಲೇ ನನ್ನ ಕ್ಲಾಸಲ್ಲಿ ಬೆಳಗಿನ ಮೊದಲ ಹತ್ತು ನಿಮಿಷ ಮಕ್ಕಳ ಮನೆ ಮಾತಿಗೆ ಬಿಟ್ಟಿದ್ದೀನಿ, ಮಕ್ಕಳೇ ಕಲಿಸ್ತಾರೆ, ನಾನು ಕಲೀತೀನಿ.

ಹೊಸ ಬ್ಯಾಚ್ ಶಾಂತೋಲೊ ಮುಗಿದ ಮೇಲೆ ಶುರು ಆಗುತ್ತೆ, ನವೆಂಬರ್ ಎರಡನೇ ವಾರ ಅಂದಿದ್ದಾರೆ, ಜಾಗ ಕಮ್ಮಿ ಇಟ್ಕೋತಾರೆ. ಸೇರೋಕೆ ಮನಸ್ಸಿದ್ರೆ ನನಗೆ ಮೆಸೇಜ್ ಹಾಕಿ, ಟೀಚರಿಗೆ ಕೇಳಿ ನಂಬರ್ ಕೊಡ್ತೀನಿ, ಮತ್ತೆ ಮೊದಲ ದಿನ ಮನೆಯವ್ರ ಒಂದೆರಡು ಫೋಟೋ ರೆಡಿ ಇಟ್ಕೊಂಡು ಕೂತ್ಕೊಳ್ಳಿ, ಕೇಳ್ತಾರೆ.